ಕಿಸೆಗೆ ಹಾಕಿಕೊಂಡ ಸುದ್ದಿ

ಕಳಮನಾ, ನಾಗಪುರ
೨೩ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಸೊಂಟದ ಸುದ್ದಿ ಬರಿ. ಎರಡು ತಿಂಗಳು ಅಜ್ಜಿಯನ್ನು ಹಾಸಿಗೆಯಿಂದ ಎತ್ತಿ ಕೂರಿಸಿ, ಮತ್ತೆ ಮಲಗಿಸಿ ನೀನು ಸೊಂಟ ಹಿಡಿಸಿಕೊಂಡದ್ದನ್ನು ಈ ಸಲ ಊರಿಗೆ ಬಂದಾಗ ನೋಡಿದೆ. ಕೊಡ ಎತ್ತುವಾಗ ಒಂದು ಕೈಯನ್ನು ಗೋಡೆಗೆ ಕೊಡುತ್ತಿದ್ದೆ. ಡಾಕ್ಟರರ ಹತ್ತಿರ ಹೋಗು ಎಂದರೆ ನೀನು ಹೋಗುವವಳಲ್ಲ, ಅದಕ್ಕೆ ಈ ಮಾತನ್ನು ಚನ್ನವೀರ ಮಾಮಾನಿಗೆ ಓದಿ ಹೇಳು: ಟೆಂಪೋ ಹೇಗೂ ವಾರಕ್ಕೆ ಎರಡು ಸಲ ಕುಷ್ಟಗಿಗೆ ಹೋಗುತ್ತದೆ, ಉಳ್ಳಾಗಡ್ಡಿ ಚೀಲಗಳ ಜೊತೆ ಹೆಂಡತಿಯನ್ನೂ ಒಂದು ಸಲ ಹೇರಿಕೊಂಡು ಹೋಗಲಿ. ಗೌತಮಿಯ ಕೆಮ್ಮು ಹೋಯಿತೇ? ನಿನ್ನ ಮಗಳು ಆರನೇ ತರಗತಿಗೆ ಬಂದರೂ ನನ್ನ ಹಾಗೆ ತೋಳಿಗೆ ಮೂಗು ಒರೆಸಿಕೊಳ್ಳುತ್ತಾಳೆ ಎಂದು ಅಜ್ಜಿ ನಗುತ್ತಿದ್ದಳು.

ನಾನು ಆರಾಮಾಗಿದ್ದೇನೆ. ಇಲ್ಲಿ ಚಳಿ ಬಿದ್ದಿದೆ. ಮಾರ್ಕೆಟ್ಟಿಗೆ ಸಂತ್ರಾ, ನಮ್ಮ ಕಿತ್ತಳೆ, ಬರುತ್ತಿದೆ, ಗೇಟಿನಿಂದಲೇ ಅದರ ವಾಸನೆ. ನಮ್ಮ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಹಳೆಯ ಮಾಲು ಖಾಲಿಯಾಗುತ್ತ ಬಂದಿದೆ, ಹೊಸದು ಬರಲು ಇನ್ನೂ ದಿನಗಳಿವೆ. ಚೀಲದ ಬಾಯಿ ಹೊಲಿಯುವ ಕೆಲಸ ಕಡಿಮೆ ಇರುವುದರಿಂದ ದಬ್ಬಣ ಹಿಡಿಯುವ ಬೆರಳುಗಳು ಸ್ವಲ್ಪ ಮೆತ್ತಗಾಗಿವೆ, ಪೆನ್ನು ಹಿಡಿಯಲು ಬರುತ್ತಿದೆ. ಖೋಲಿಯಲ್ಲಿ ನಾನೊಬ್ಬನೇ. ಬೆಳಗಿನಿಂದ ಇದು ಮೂರನೆಯ ಹಾಳೆ, ಮೊದಲಿನ ಎರಡನ್ನು ಹರಿದೆ.

ಫೋನ್ ಇದ್ದೂ ಕಾಗದ ಯಾಕೆ ಎಂದು ನೀನು ಗಾಬರಿಯಾಗುತ್ತೀ. ಅಕ್ಕಾ, ಅಜ್ಜಿಯ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ನೀನು, ನನ್ನ ಮುಖ ನೋಡದೆ, "ಅವತ್ತ ಫೋನ್ ಯಾಕ ಎತ್ತಲಿಲ್ಲೋ ತಮ್ಮಾ?" ಎಂದು ಕೇಳಿದೆ. ನಾನು, "ಚೀಲದಾಗ ಇತ್ತಕ್ಕಾ, ಭಾಷಣ ಮುಗದ ಮ್ಯಾಲ ನೋಡಿದೆ" ಎಂದೆ. ನೀನು, "ಹೂಂ, ನಿಂಗೇನ್ ಗೊತ್ತಿತ್ತು ಬಿಡು" ಎಂದು ಬೂದಿಯ ಕೈಯಿಂದಲೇ ನನ್ನ ತಲೆ ಮುಟ್ಟಿದೆ. ನಾನು ಹೇಳಿದ್ದು ಸುಳ್ಳು. ಫೋನ್ ಚೀಲದಲ್ಲಿರಲಿಲ್ಲ, ನನ್ನ ಅಂಗಿಯ ಕಿಸೆಯಲ್ಲಿತ್ತು. ನಿನ್ನ ಸಂದೇಶವನ್ನು ನಾನು ವೇದಿಕೆ ಹತ್ತುವ ಮೊದಲೇ ಓದಿದ್ದೆ. ಪೂರ್ತಿ ಓದಿದ್ದೆ. ಎದುರಿಗೆ ಕೂತು ಹೇಳಿದ ಸುಳ್ಳನ್ನು ಫೋನಿನಲ್ಲಿ ತೆಗೆಯಲು ಹತ್ತು ಸಲ ನೋಡಿದೆ. ನೀನು "ಹಲೋ" ಎಂದ ಕೂಡಲೇ ಹವೆ, ಊಟ ಎಂದು ಏನಾದರೂ ಮಾತಾಡಿ ಇಟ್ಟುಬಿಡುತ್ತಿದ್ದೆ. ನನಗೆ ಬಾಯಿ ಇಲ್ಲ ಎಂದು ನಿನಗೆ ಗೊತ್ತು.

ಭಾಷಣದಲ್ಲಿ ಏನು ಹೇಳಿದೆ ಎಂದೂ ನೀನು ಕೇಳಿದ್ದೆ, ಆಗಲೂ ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ. ನಿನಗೆ ಗೊತ್ತಿರುವುದೇ ಬಹಳ ಇದೆ, ಬೇಸರ ಮಾಡಿಕೊಳ್ಳಬೇಡ.

ಇಲ್ಲಿಯ ಕನ್ನಡ ಸಂಘದವರು ಪ್ರತಿ ವರ್ಷ ನವೆಂಬರ್ ಒಂದಕ್ಕೆ ರಾಜ್ಯೋತ್ಸವ ಮಾಡುತ್ತಾರೆ. ಈ ವರ್ಷ ಅದರ ಹಿಂದಿನ ದಿನವೇ ಸರದಾರ ವಲ್ಲಭಭಾಯಿ ಪಟೇಲರಿಗೆ ನೂರೈವತ್ತು ವರ್ಷ ತುಂಬಿದ್ದರಿಂದ ಎರಡನ್ನೂ ಸೇರಿಸಿ ಮಾಡಿದರು. ಸಂಘದ ಅಧ್ಯಕ್ಷರು ನಮ್ಮ ಸಾಹುಕಾರ ಗುರುಪಾದಪ್ಪನವರೇ. ಅಪ್ಪ ಅವರ ಅಡತಿಯಲ್ಲಿ ಚೀಲ ಹೊತ್ತದ್ದು, ಅಪ್ಪ ತೀರಿಕೊಂಡ ಮೇಲೆ ಅವರು ನನ್ನನ್ನು ಹೊರಗೆ ಹಾಕದೆ ಹೊಲಿಗೆಗೆ ಕೂರಿಸಿದ್ದು ನಿನಗೆ ಗೊತ್ತಿದೆ. ತೂಕದ ಚೀಟಿಗಳ ಹಿಂದೆ ನಾನು ಏನಾದರೂ ಬರೆಯುತ್ತಿರುತ್ತೇನೆ. ಹೋದ ವರ್ಷ ಅವುಗಳಲ್ಲಿ ಒಂದನ್ನು ಅವರು ಓದಿ, ಸಂಘದ ವಾರ್ಷಿಕ ಪುಸ್ತಕದಲ್ಲಿ ಹಾಕಿಸಿದರು. ಈ ವರ್ಷ ಕರೆದು, "ಲೇ ಸಿದ್ದೇಶಾ, ನಿಮ್ಮ ಅಜ್ಜಿ ನಿಜಾಮನ ರಾಜ್ಯದಾಗ ಹುಟ್ಟಿದಾಕಿ ಹೌದಿಲ್ಲೋ? ಸರದಾರರ ಮ್ಯಾಲ ನೀನ ಮಾತಾಡು. ನಮ್ಮಂಥವ್ರು ಪುಸ್ತಕ ನೋಡಿ ಹೇಳ್ತೀವಿ, ನೀ ಮನಿ ಮಾತು ಹೇಳು" ಎಂದರು. ನಾನು ಆಗುವುದಿಲ್ಲ ಎಂದೆ. "ಆಗ್ತೈತಿ. ಬರೋಬರ್ ಹನ್ನೆರಡ ಮಿನಿಟು" ಎಂದು ಮುಗಿಸಿಬಿಟ್ಟರು. ನಮ್ಮ ಜೊತೆ ತೂಕ ಮಾಡುವ ದತ್ತು, ಮರಾಠಿಯವನು, ಅವತ್ತಿನಿಂದ ನನ್ನನ್ನು ಕಂಡರೆ ಕೈ ಮುಗಿದು, "ಕಾಯ ರೇ ಸಿದ್ದೂ, ತೂ ಪಣ ನೇತಾ ಝಾಲಾಸ್?" ಎಂದು, ನೀನೂ ಪುಢಾರಿಯಾದೆಯೇನೋ ಎಂದು ಕಾಡುತ್ತಿದ್ದ.

ಆ ವಾರವೆಲ್ಲ ದಿನಾ ಸಂಜೆ ಫೋನ್ ಮಾಡಿ ನಾನು ಅಜ್ಜಿಯಿಂದ ಕೇಳಿ ಕೇಳಿ ಬರೆದುಕೊಂಡೆನಲ್ಲ, ಅದೇ ಭಾಷಣ. ನೀನು ಫೋನನ್ನು ಅವಳ ಕಿವಿಗೆ ಹಿಡಿಯುತ್ತಿದ್ದೆ. ಉಸಿರು ಕಟ್ಟುತ್ತಿದ್ದರೂ ಅವಳು ಬಿಡುತ್ತಿರಲಿಲ್ಲ. ಹತ್ತು ವರ್ಷದವಳಿದ್ದಾಗ ಊರಿನಲ್ಲಿ ರಜಾಕಾರರು ಬರುತ್ತಾರೆ ಎಂದು ಸುದ್ದಿ ಹಬ್ಬಿ, ಅವಳ ಅವ್ವ ರೊಟ್ಟಿ ಕಟ್ಟಿಕೊಂಡು, ಅವಳ ಕೈ ಹಿಡಿದುಕೊಂಡು, ಗಡಿ ದಾಟಿ ಗಜೇಂದ್ರಗಡದ ಕಡೆಗೆ ನಡೆದದ್ದು. ಅಲ್ಲಿ ಯಾರದೋ ದನದ ಕೊಟ್ಟಿಗೆಯಲ್ಲಿ ಎಂಟು ತಿಂಗಳು ಇದ್ದದ್ದು. ಮರುವರ್ಷ ಸೆಪ್ಟೆಂಬರಿನಲ್ಲಿ, ಸರದಾರ ದಂಡು ಕಳಿಸಿದ, ನಿಜಾಮ ಸೋತ, ನಮ್ಮ ಊರು ಇನ್ನು ಇಂಡಿಯಾದಾಗ ಎಂದು ಯಾರೋ ಡಂಗುರ ಹೊಡೆದದ್ದು. ವಾಪಸ್ಸು ಬಂದು ನೋಡಿದರೆ, ಬಿಟ್ಟು ಹೋಗಿದ್ದ ಎಮ್ಮೆಯನ್ನು ಪಕ್ಕದ ಮನೆಯ ಪೀರಾಂಬಿ ಮೇಯಿಸಿ ಸಾಕಿದ್ದಳು. ಅದು ಈದಿತ್ತು, ಕರುವನ್ನೂ ತಂದು ಕಟ್ಟಿದಳು. "ಇದನ್ನ ಬಿಟ್ಟಿ ಅಂದ್ರ ನೋಡು. ಪೀರಾಂಬಿ ಮಾತ ಮೊದಲ ಹೇಳು, ದಂಡಿನ ಮಾತ ಆಮ್ಯಾಲ ಹೇಳು" ಎಂದು ಅಜ್ಜಿ ಎರಡು ಸಲ ಹೇಳಿದ್ದಳು. ಅದನ್ನು ನಾನು ಬಿಡಲಿಲ್ಲ. ಆದರೆ ಮೊದಲು ಹೇಳಲಿಲ್ಲ, ನಡುವೆ ಹೇಳಿದೆ.

ಅಜ್ಜಿ ಸರದಾರರ ಕ್ಯಾಲೆಂಡರಿನ ಚಿತ್ರಕ್ಕೆ ಕಟ್ಟು ಹಾಕಿಸಿ ಬಸವಣ್ಣನ ಪಕ್ಕದಲ್ಲಿ ತೂಗುಹಾಕಿದ್ದನ್ನೂ ಹೇಳಿದೆ. ದಿನಾ ಪೂಜೆಯ ಹೊತ್ತಿಗೆ ಬಸವಣ್ಣನಿಗೆ ವಿಭೂತಿ ಹಚ್ಚಿ, ಉಳಿದ ಬೆರಳಿನಿಂದ ಸರದಾರರ ಬೋಳು ತಲೆಗೂ ಗಾಜಿನ ಮೇಲೆ ಮೂರು ಪಟ್ಟೆ ಎಳೆಯುತ್ತಿದ್ದಳಲ್ಲ. "ಅವ್ರು ಗುಜರಾತದವ್ರಬೇ, ನಮ್ಮ ಪೈಕಿ ಅಲ್ಲ" ಎಂದು ನೀನು ಒಮ್ಮೆ ಹೇಳಿದ್ದಕ್ಕೆ, "ಮನಿ ಬಿಟ್ಟ ಓಡಿದವ್ರನ್ನ ಮನಿಗೆ ಕರಕೊಂಡ ಬಂದಾವ ಯಾವ ಪೈಕಿ? ಮನಿ ಪೈಕಿ" ಎಂದು ನಿನ್ನ ಬಾಯಿ ಮುಚ್ಚಿಸಿದ್ದಳು. ಇದನ್ನು ಹೇಳಿದಾಗ ಸಭೆಯಲ್ಲಿ ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ಬಾರ್ಡೋಲಿಯ ರೈತರು ಕಂದಾಯ ಕೊಡುವುದಿಲ್ಲ ಎಂದು ನಿಂತಾಗ ಪಟೇಲರು ಅವರ ಜೊತೆ ನಿಂತದ್ದು, ಅಲ್ಲಿಯೇ ಸರದಾರ ಎಂಬ ಹೆಸರು ಬಂದದ್ದು, ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದು ದೇಶಕ್ಕೆ ಸೇರಿಸಿದ್ದು, ಅದರಲ್ಲಿ ಛತ್ತೀಸಗಡದ ರಾಜರ ಮಾತುಕತೆಗೆ ಇದೇ ನಾಗಪುರಕ್ಕೆ ಬಂದದ್ದು, ಇವನ್ನು ಸಂಘದ ಕಾರ್ಯದರ್ಶಿ ಜಲಜಾ ಮೇಡಂ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಅವರು ಮೈಸೂರು ಕಡೆಯವರು, ಬ್ಯಾಂಕಿನಲ್ಲಿದ್ದಾರೆ. ಮೃದು ಮಾತು, ಆದರೆ ತಪ್ಪು ಬಿಡುವವರಲ್ಲ.

ಇನ್ನೊಂದು ಕಥೆ ನನ್ನದೇ ಆಯ್ಕೆ. ನಾಲ್ಕನೇ ತರಗತಿಯಲ್ಲಿ, ಊರಿನ ಶಾಲೆಯಲ್ಲಿ ನನ್ನ ಕೊನೆಯ ವರ್ಷ, ಸೆಪ್ಟೆಂಬರ್ ಹದಿನೇಳರ ಧ್ವಜಾರೋಹಣದ ದಿನ ಮಾಸ್ತರರು ಹೇಳಿದ್ದು. ಸರದಾರರು ವಕೀಲರಾಗಿದ್ದಾಗ ಒಂದು ಕೊಲೆ ಮೊಕದ್ದಮೆ ನಡೆಸುತ್ತಿದ್ದರಂತೆ. ಸಾಕ್ಷಿಗೆ ಪ್ರಶ್ನೆ ಕೇಳುತ್ತಿರುವಾಗ ಯಾರೋ ಒಂದು ತಂತಿ ತಂದು ಕೊಟ್ಟರು. ಓದಿದರು, ಮಡಿಚಿದರು, ಕಿಸೆಗೆ ಹಾಕಿಕೊಂಡರು, ಮುಂದಿನ ಪ್ರಶ್ನೆ ಕೇಳಿದರು. ಕಚೇರಿ ಮುಗಿದ ಮೇಲೆಯೇ ಎಲ್ಲರಿಗೂ ಗೊತ್ತಾದದ್ದು, ಮುಂಬಯಿಯ ಆಸ್ಪತ್ರೆಯಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರೆಂದು. "ಮಾಡುವ ಕೆಲಸವೇ ಮೊದಲು, ತನ್ನ ದುಃಖ ಆಮೇಲೆ" ಎಂದು ಮಾಸ್ತರರು ಹೇಳಿದರು. ನನಗೆ ಮೈ ಜುಮ್ಮೆಂದಿತ್ತು. ಅವತ್ತಿನಿಂದ ಆ ಕಥೆ ನನ್ನೊಳಗಿತ್ತು. ಮರುವರ್ಷ ಅವ್ವ ಹೋದಳು, ಅಪ್ಪ ನನ್ನನ್ನು ಇಲ್ಲಿಗೆ ಕರೆತಂದ. ಮರಾಠಿ ಶಾಲೆಯಲ್ಲಿ ಆರು ತಿಂಗಳು ಒಂದು ಮಾತೂ ಆಡದೆ ಕೂತು ಓದು ಬಿಟ್ಟೆ. ಕಣ್ಣೀರು ಬಂದಾಗಲೆಲ್ಲ ತಂತಿಯನ್ನು ಕಿಸೆಗೆ ಹಾಕಿಕೊಂಡೆ ಎಂದು ಅಂದುಕೊಳ್ಳುತ್ತಿದ್ದೆ. ನಾಚಿಕೆಯ ಹುಡುಗನಿಗೆ ಅದೊಂದು ಧೈರ್ಯ, ಅಕ್ಕಾ. ಅದರಲ್ಲಿ ಆಗ ತಪ್ಪೇನೂ ಇರಲಿಲ್ಲ.

ಈಗ ಆ ಸಂಜೆ. ಖಾಪರಖೇಡಾದ ಕರೆಂಟ್ ಕಾರಖಾನೆಯ ಕನ್ನಡದವರು ಒಂದು ಬಸ್ಸು ತುಂಬ ಬಂದಿದ್ದರು. ರೈಲ್ವೆಯವರು, ಮದ್ದುಗುಂಡಿನ ಕಾರಖಾನೆಯವರು, ಇಳಕಲ್ ಸೀರೆಯ ಹೆಂಗಸರು, ಎಲ್ಲ ಸೇರಿ ಇನ್ನೂರು ಜನ. ನಾನು ವೇದಿಕೆಯ ಬದಿಯ ಕುರ್ಚಿಯಲ್ಲಿ, ಜಲಜಾ ಮೇಡಂ ಪಕ್ಕದಲ್ಲಿ. ಏಳು ಗಂಟೆ ಹತ್ತು ನಿಮಿಷಕ್ಕೆ ಕಿಸೆಯಲ್ಲಿ ಫೋನ್ ನಡುಗಿತು. ತೆಗೆದು ನೋಡಿದೆ. ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ: "ಅಜ್ಜಿಗೆ ಉಸುರು ಭಾಳ ಏರೈತಿ. ನಿನ್ನ ಹೆಸರ ಹಿಡದ ಕೇಳಾಕತ್ತಾಳ. ಲಗೂನ ಫೋನ್ ಮಾಡು, ಕಿವಿಗೆ ಹಿಡಿತೀನಿ." ಓದಿ ಮುಗಿಸುವಷ್ಟರಲ್ಲಿ ಜಲಜಾ ಮೇಡಂ ಮೈಕಿನ ಹತ್ತಿರ ಎದ್ದು ಹೋಗಿ ನನ್ನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ನಾನು ಫೋನನ್ನು ಕಿಸೆಗೆ ಹಾಕಿಕೊಂಡೆ.

ಗಡಿಬಿಡಿಯಲ್ಲಿ ಹಾಗಾಯಿತು ಎಂದು ಬರೆಯಬಹುದಿತ್ತು. ಹರಿದ ಮೊದಲ ಹಾಳೆಯಲ್ಲಿ ಹಾಗೆಯೇ ಬರೆದಿದ್ದೆ. ಹಾಗಾಗಲಿಲ್ಲ. ಫೋನ್ ಕಿಸೆಗೆ ಇಳಿಯುವಾಗಲೇ ನನಗೆ ಆ ತಂತಿಯ ನೆನಪಾಯಿತು. ಇದೂ ಅದೇ ಎಂದು ಅನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ, ಅಕ್ಕಾ, ಎದೆಯಲ್ಲಿ ಒಂದು ಸಂತೋಷವೂ ಎದ್ದಿತು. ನಾನೂ ಅಂಥವನೇ ಎಂಬ ಸಂತೋಷ. ಮೂರು ಮೆಟ್ಟಿಲು ಹತ್ತುವಾಗ ನನ್ನ ಕಾಲು ನಡುಗಲಿಲ್ಲ. ಜೀವನದಲ್ಲಿ ಮೊದಲ ಸಲ ಜನರ ಮುಂದೆ ನನ್ನ ಕಾಲು ನಡುಗಲಿಲ್ಲ. ಭಾಷಣದ ಕೊನೆಗೆ ಆ ತಂತಿಯ ಕಥೆಯನ್ನು ಹೇಳುತ್ತಿದ್ದಾಗ ಫೋನ್ ಮತ್ತೆ ನಡುಗಿತು, ಸ್ವಲ್ಪ ತಡೆದು ಇನ್ನೊಮ್ಮೆ. ನೀನು ಕರೆ ಮಾಡುತ್ತಿದ್ದೆ. ಎದೆಗೆ ತಾಗಿಕೊಂಡೇ ಇತ್ತು. ಒಂದು ಕೈಯನ್ನು ಅದರ ಮೇಲೆ ಒತ್ತಿ ಹಿಡಿದು, "ಓದಿದರು, ಮಡಿಚಿದರು, ಕಿಸೆಗೆ ಹಾಕಿಕೊಂಡರು" ಎಂದೆ. ಸಭೆ ಉಸಿರು ಹಿಡಿದು ಕೇಳುತ್ತಿತ್ತು.

ನಾನು ನಿನಗೆ ಫೋನ್ ಮಾಡಿದ್ದು ಏಳು ಐವತ್ತಕ್ಕೆ. ನೀನು, "ಈಗ ಮಾತಿಲ್ಲೋ, ಕಣ್ಣ ಮುಚ್ಚ್ಯಾಳ" ಎಂದೆ. ಒಂಬತ್ತಕ್ಕೆ ಅಜ್ಜಿ ಹೋದಳು. ಎರಡು ರೈಲು, ಒಂದು ಬಸ್ಸು ಬದಲಿಸಿ ನಾನು ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ಹಸಿ ಮಣ್ಣಿನ ಮೇಲೆ ಪತ್ರಿ ಇಟ್ಟು ಕೈ ಮುಗಿದೆ.

ಇಲ್ಲಿಗೆ ವಾಪಸ್ಸು ಬಂದ ಮೇಲೆ ಇನ್ನೊಂದು ಆಯಿತು. ನಾನು ಕುರ್ಚಿಯಲ್ಲಿ ಫೋನ್ ನೋಡಿ ಕಿಸೆಗೆ ಹಾಕಿಕೊಂಡದ್ದನ್ನು ಜಲಜಾ ಮೇಡಂ ಕಂಡಿದ್ದರು. ಅಜ್ಜಿ ಅದೇ ರಾತ್ರಿ ಹೋದಳು ಎಂದು ತಿಳಿದಾಗ ಅವರು ಮರುಕದಿಂದ ಅದನ್ನು ಗುರುಪಾದಪ್ಪನವರಿಗೆ ಹೇಳಿದ್ದಾರೆ. ಅಷ್ಟೇ ಸಾಕಾಯಿತು. ಅಡತಿಯಲ್ಲಿ ವ್ಯಾಪಾರಿಗಳ ಮುಂದೆ ನನ್ನನ್ನು ನಿಲ್ಲಿಸಿ, "ನೋಡ್ರಿ, ಈ ಹುಡಗ ನಾಕನೇ ಇಯತ್ತೆ ಕಲತಾವ. ಅಜ್ಜಿ ಸಾಯಾಕತ್ತಾಳಂತ ಸುದ್ದಿ ಬಂದೈತಿ, ಕಿಸೇಕ ಹಾಕ್ಕೊಂಡ ಭಾಷಣ ಮುಗಿಸ್ಯಾನ! ಸರದಾರರ ಮಾತ ಹೇಳಾವ್ರು ಭಾಳ ಮಂದಿ, ಹಂಗ ನಡದಾವ ಇವನ ಒಬ್ಬ" ಎಂದರು. ಕೆಲವರು ನನ್ನ ಭುಜ ತಟ್ಟಿದರು. ಒಬ್ಬ ಮುದುಕರು ಕಣ್ಣು ಒರೆಸಿಕೊಂಡರು. ಡಿಸೆಂಬರ್ ಹದಿನೈದಕ್ಕೆ, ಸರದಾರರು ತೀರಿಕೊಂಡ ದಿನ, ಸಂಘದಿಂದ ನನಗೆ ಶಾಲು ಹೊದಿಸುವುದೆಂದು ನಿಶ್ಚಯ ಮಾಡಿದ್ದಾರೆ. ಅವತ್ತೇ ಬಿಡುಗಡೆಯಾಗುವ ವಾರ್ಷಿಕ ಪುಸ್ತಕದಲ್ಲಿ ಇದನ್ನು ಅಜ್ಜಿಯ ಫೋಟೋ ಸಮೇತ ಹಾಕುತ್ತಾರೆ. ಫೋಟೋಕ್ಕಾಗಿ ನಿನಗೆ ಫೋನ್ ಮಾಡುತ್ತಾರಂತೆ. ಇದನ್ನು ಅವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು ಎಂದೇ ಈ ಕಾಗದ.

ನಾನು ಸುಮ್ಮನಿರಲಿಲ್ಲ. "ಸಾಹುಕಾರ್ರ, ಅದು ಹಂಗಲ್ರಿ, ನಾ ತಪ್ಪ ಮಾಡೇನ್ರಿ" ಎಂದೆ. "ಕೇಳಿದ್ರ್ಯಾ? ವಿನಯ ಅಂದ್ರ ಇದು!" ಎಂದು ಮೇಜು ಕುಟ್ಟಿದರು. ಮರುದಿನ ಮತ್ತೆ ಹೋಗಿ, ಶಾಲು ಬೇಡ ಎಂದೆ. "ಬ್ಯಾಡ ಅನ್ನಾವಗ ಕೊಡಬೇಕಪಾ, ಬೇಕು ಅನ್ನಾವ್ರು ಊರ ತುಂಬ ಅದಾರ" ಎಂದರು. ನಾನು ಹೇಳಿದ್ದೆಲ್ಲ ನನ್ನ ದೊಡ್ಡತನಕ್ಕೇ ಸೇರಿಕೊಳ್ಳುತ್ತಿತ್ತು. ಅಕ್ಕಾ, ಒಂದು ದಿನ, ಒಂದೇ ದಿನ, ಇರಲಿ ಬಿಡು ಎಂದೂ ಅನ್ನಿಸಿತು. ಗೌತಮಿ ಆ ಪುಸ್ತಕವನ್ನು ಶಾಲೆಗೆ ಒಯ್ದು ಗೆಳತಿಯರಿಗೆ ತೋರಿಸಿದಂತೆ ಕಲ್ಪಿಸಿಕೊಂಡೆ. ಆಮೇಲೆ ನಿನ್ನ ಬೂದಿಯ ಕೈ ನನ್ನ ತಲೆಯ ಮೇಲೆ ಇದ್ದಂತಾಯಿತು.

ಎಲ್ಲವನ್ನೂ ಪೂರ್ತಿ ಕೇಳಿದವನು ದತ್ತು ಒಬ್ಬನೇ. ತೂಕದ ಕಾಟಾದ ಪಕ್ಕ ಕೂತು ಸಂತ್ರಾ ಸುಲಿಯುತ್ತಿದ್ದ. ನಾನು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದೆ. ಅವನು ಪುಢಾರಿ ಗಿಢಾರಿ ಎನ್ನಲಿಲ್ಲ. ಅವತ್ತು ಹಾರ ಹಾಕಿಕೊಂಡು ನಿಂತ ನನ್ನ ಫೋಟೋ ಸಂಘದ ಗ್ರೂಪಿನಿಂದ ಅವನ ಫೋನಿಗೂ ಬಂದಿತ್ತು, ಅದನ್ನು ತೆಗೆದು ನನಗೆ ತೋರಿಸಿ, "ಭಾಷಣ ಠೀಕ್ ಆಹೇ ರೇ. ಪಣ ಫೋಟೋ ಕಶಾಲಾ ಕಾಢಲಾ?" ಎಂದ. ಭಾಷಣ ಇರಲಿ, ಫೋಟೋ ಯಾಕೆ ತೆಗೆಸಿಕೊಂಡೆ ಎಂದು. ಸಂತ್ರಾದ ಅರ್ಧವನ್ನು ನನ್ನ ಕೈಯಲ್ಲಿಟ್ಟು ಅವನು ಕೆಲಸಕ್ಕೆ ಎದ್ದು ಹೋದ.

ಅಕ್ಕಾ, ಭಾಷಣಕ್ಕೆ ಹನ್ನೆರಡು ನಿಮಿಷ. ಸಂದೇಶ ಬಂದದ್ದು ಏಳು ಹತ್ತಕ್ಕೆ, ನಾನು ಫೋನ್ ಮಾಡಿದ್ದು ಏಳು ಐವತ್ತಕ್ಕೆ. ಉಳಿದ ಇಪ್ಪತ್ತೆಂಟು ನಿಮಿಷ ಎಲ್ಲಿ ಹೋಯಿತು? ಇಳಿದು ಬಂದ ಕೂಡಲೇ ಜನ ಸುತ್ತಿಕೊಂಡರು. ಹಾರ ಹಾಕಿದರು. ಖಾಪರಖೇಡಾದ ಇಂಜಿನಿಯರೊಬ್ಬರು ಕೈ ಕುಲುಕಿ, ನಿಮ್ಮದು ಯಾವ ಊರು ಎಂದು ಕೇಳಿದರು, ಹೇಳಿದೆ. ಒಬ್ಬ ಹೆಣ್ಣುಮಗಳು ತನ್ನ ಮಗನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದಳು. ಉಪ್ಪಿಟ್ಟು ಕೊಟ್ಟರು, ಅರ್ಧ ತಿಂದೆ. ಅಷ್ಟು ಹೊತ್ತೂ ಫೋನ್ ನನ್ನ ಎದೆಯ ಮೇಲೆಯೇ ಇತ್ತು, ಅದು ಇದೆ ಎಂದು ನನಗೆ ಗೊತ್ತಿತ್ತು. ಯಾರೂ ನನ್ನನ್ನು ಹಿಡಿದಿರಲಿಲ್ಲ. ನನ್ನನ್ನು ಯಾವತ್ತೂ ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ನಾನು ಆ ನೋಟದೊಳಗಿಂದ ಹೊರಗೆ ಬರಲಿಲ್ಲ, ಅಷ್ಟೇ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಗುರುಪಾದಪ್ಪನವರು ಹೇಳುವ ದೊಡ್ಡತನಕ್ಕೆ ಈ ಇಪ್ಪತ್ತೆಂಟು ನಿಮಿಷ ಎಲ್ಲಿಯೂ ಸೇರುವುದಿಲ್ಲ.

ಮೊದಲಿನ ಹನ್ನೆರಡು ನಿಮಿಷವೂ ಸೇರುವುದಿಲ್ಲ. ಇದು ನನಗೆ ತಡವಾಗಿ ತಿಳಿಯಿತು. ಸರದಾರರ ಕೈಗೆ ಬಂದದ್ದು ಹೋದ ಜೀವದ ಸುದ್ದಿ. ಅವರು ಓಡಿದ್ದರೂ ಏನೂ ಆಗುತ್ತಿರಲಿಲ್ಲ. ಅವರ ಎದುರಿಗೆ ಕಟಕಟೆಯಲ್ಲಿ ಇನ್ನೊಬ್ಬನ ಜೀವ ನಿಂತಿತ್ತು, ಅವರು ಬಾಯಿ ಮುಚ್ಚಿದ್ದರೆ ಅವನು ಗಲ್ಲಿಗೆ ಹೋಗಬಹುದಿತ್ತು. ನನ್ನ ಕಿಸೆಯಲ್ಲಿದ್ದದ್ದು ಇನ್ನೂ ಹೋಗದ ಜೀವ, ನನ್ನ ಹೆಸರು ಹಿಡಿದು ಕರೆಯುತ್ತಿದ್ದ ಜೀವ. ನನ್ನ ಎದುರಿಗೆ ಇದ್ದದ್ದು ಒಂದು ಮೈಕು. "ಎರಡು ನಿಮಿಷ ತಡೀರಿ, ಅಜ್ಜಿ ಫೋನಿನಲ್ಲಿದ್ದಾಳೆ" ಎಂದಿದ್ದರೆ ಆ ಇನ್ನೂರು ಜನರಲ್ಲಿ ಒಬ್ಬರೂ ಬೇಡ ಎನ್ನುತ್ತಿರಲಿಲ್ಲ. ಬೇಕಾದರೆ ಫೋನನ್ನು ಮೈಕಿನ ಹತ್ತಿರ ಇಟ್ಟು ಮಾತಾಡಿದ್ದರೆ, ತನ್ನ ಮಾತನ್ನೇ ಇನ್ನೂರು ಜನ ಕೇಳುವುದನ್ನು ಅಜ್ಜಿಯೂ ಕೇಳುತ್ತಿದ್ದಳು. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲ. ದೊಡ್ಡವರ ಕಥೆಯನ್ನು ಬಾಯಿಪಾಠ ಮಾಡಿಕೊಂಡೆ, ಅವರು ನಿಂತ ಜಾಗ ಯಾವುದು ಎಂದು ನೋಡಲಿಲ್ಲ.

ಇನ್ನೂ ಒಂದು ಇದೆ. ಮಾಸ್ತರರು ಆ ಕಥೆ ಹೇಳಿದ ದಿನ ನಾನು ಓಡಿ ಬಂದು ಅಜ್ಜಿಗೆ ಹೇಳಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೇಳಿ ಕೈ ನಿಲ್ಲಿಸಿ, "ಅಲ್ಲೋ, ಆ ತಾಯಿ ಜೀವ ಹೋಗು ಮುಂದ ಆಕೀ ಬಾಜೂಕ ಯಾರಿದ್ರು? ಅದನ್ನ ಮಾಸ್ತರ್ ಹೇಳಲಿಲ್ಲೇನು?" ಎಂದಿದ್ದಳು. ನಾನು ಇಲ್ಲ ಎಂದೆ. "ಸರದಾರಗ ಕೆಲಸ ಇತ್ತಪ್ಪ. ಆಕೀಗೆ ಯಾರರ ಇರಬೇಕಿತ್ತು" ಎಂದು ಮತ್ತೆ ರೊಟ್ಟಿ ತಟ್ಟಿದಳು. ಭಾಷಣ ಬರೆಯುವಾಗ ಅಜ್ಜಿಯ ಈ ಮಾತು ನನಗೆ ನೆನಪಿತ್ತು. ಬರೆದೂ ಇದ್ದೆ. ಆಮೇಲೆ ಹೊಡೆದುಹಾಕಿದೆ. ಅದು ಅಲ್ಲಿ ಬಂದರೆ ಚಪ್ಪಾಳೆ ಬೀಳುವುದಿಲ್ಲ ಎಂದು ಹೊಡೆದುಹಾಕಿದೆ. ಅಜ್ಜಿ ಸರದಾರರ ಮೇಲಿನ ಭಕ್ತಿಯನ್ನು ಒಂದು ಕೂದಲೂ ಕಡಿಮೆ ಮಾಡಿಕೊಳ್ಳದೆ, ಆ ಹೆಂಗಸಿನ ಬಗ್ಗೆಯೂ ಯೋಚಿಸಿದ್ದಳು. ಗಾಜಿನ ಮೇಲೆ ವಿಭೂತಿ ಎಳೆಯುವ ಕೈ ಅದೇ, ಈ ಪ್ರಶ್ನೆ ಕೇಳಿದ ಬಾಯಿಯೂ ಅದೇ. ನಾನು ಅಜ್ಜಿಯ ಅರ್ಧ ಮಾತನ್ನು ಮಾತ್ರ ವೇದಿಕೆಗೆ ಒಯ್ದೆ.

ಬುಧವಾರ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ವಾರ್ಷಿಕ ಪುಸ್ತಕದಲ್ಲಿ ಸಂಘದವರು ಬರೆದದ್ದರ ಬದಲು ಇದನ್ನು ಹಾಕಿ ಎಂದು ಜಲಜಾ ಮೇಡಂ ಅವರಿಗೆ ಕೊಟ್ಟೆ. ನಿಂತಲ್ಲೇ ಓದಿದರು. ಕನ್ನಡಕ ತೆಗೆದು, "ಸಿದ್ದೇಶ್, ನಾನು ಕಂಡದ್ದನ್ನ ಬಾಯಿ ಬಿಡಬಾರದಿತ್ತು ಅಲ್ವಾ?" ಎಂದರು. ನೀವು ಮಾಡಿದ್ದು ಏನೂ ಇಲ್ಲ ಮೇಡಂ ಎಂದೆ. ಹಾಳೆಯನ್ನು ಮಡಿಚುತ್ತ, "ನಿಮ್ಮ ಅಕ್ಕಂಗೆ ಗೊತ್ತಾ ಇದು?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಇದನ್ನ ನಮಗೆ ಯಾಕೆ ಮೊದಲು ಕೊಟ್ರಿ? ಮೊದಲು ಅವರಿಗೆ ಬರೀರಿ. ಅಚ್ಚಿಗೆ ಹೋಗೋದು ಐದನೇ ತಾರೀಖು, ಅಲ್ಲೀವರೆಗೂ ಇದು ನನ್ನ ಬ್ಯಾಗಲ್ಲಿರುತ್ತೆ. ಗುರುಪಾದಪ್ಪನವರಿಗೆ ನಾನು ಹೇಳ್ತೀನಿ, ಅವರು ಕೂಗಾಡಿದ್ರೆ ಕೂಗಾಡ್ಲಿ" ಎಂದರು. ಜನರ ಮುಂದೆ ಒಪ್ಪಿಕೊಳ್ಳುವುದು ನಿನ್ನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಸುಲಭ ಎಂದು ನಾನು ಅಲ್ಲಿಗೆ ಓಡಿದ್ದೆ ಎಂಬುದು ಆಗ ಗೊತ್ತಾಯಿತು. ಅಲ್ಲಿಯೂ ಸ್ವಲ್ಪ ಚಪ್ಪಾಳೆ ಸಿಗುತ್ತಿತ್ತೋ ಏನೋ.

ಹಾಳೆ ಅಚ್ಚಾಗಲಿ ಬಿಡಲಿ, ಶಾಲು ನಾನು ಹೊದ್ದುಕೊಳ್ಳುವುದಿಲ್ಲ. ಇದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಸಾಹುಕಾರರು ಕೆಲಸದಿಂದ ತೆಗೆದರೆ ಕಳಮನಾದಲ್ಲಿ ಇನ್ನೂ ನೂರು ಅಡತಿಗಳಿವೆ, ಚೀಲಕ್ಕೆ ಬಾಯಿ ಎಲ್ಲ ಕಡೆಯೂ ಇದೆ. ಆದರೆ ನೀನು ಸಿಟ್ಟಾದರೆ ಹೋಗಲು ನನಗೆ ಇನ್ನೊಂದು ಮನೆ ಇಲ್ಲ. ಸಿಟ್ಟಾಗಬೇಡ ಎಂದೂ ಕೇಳುತ್ತಿಲ್ಲ. ಅಜ್ಜಿ ಫೋಟೋ ಕೇಳಿ ಅವರು ಫೋನ್ ಮಾಡಿದರೆ ಕೊಡಬೇಕೋ ಬೇಡವೋ ನೀನೇ ನೋಡು. ಕೊಟ್ಟರೆ, ಸೆರಗು ತಲೆಯ ಮೇಲೆ ಹೊದ್ದದ್ದನ್ನು ಕೊಡು, ಇನ್ನೊಂದರಲ್ಲಿ ಅವಳು ಕಣ್ಣು ಮುಚ್ಚಿದ್ದಾಳೆ.

ಚನ್ನವೀರ ಮಾಮಾನಿಗೆ ನನ್ನ ಶರಣು ಹೇಳು. ಈ ಕಾಗದವನ್ನು ಅವನಿಗೂ ತೋರಿಸು, ಮುಚ್ಚಿಡಬೇಡ. ಗೌತಮಿಗೆ ಸಂತ್ರಾ ತರುತ್ತೇನೆ ಎಂದು ಹೇಳು. ಪೀರಾಂಬಿಯ ಮೊಮ್ಮಗಳು ಅಜ್ಜಿಯ ಮಣ್ಣಿಗೆ ಬಂದು ಸಂಜೆಯವರೆಗೆ ಇದ್ದಳು ಎಂದಿದ್ದೆಯಲ್ಲ, ಅವಳಿಗೂ ನನ್ನ ಸಲಾಮು. ನಿನ್ನ ಸೊಂಟದ ಮೇಲೆ ನಿಗಾ ಇರಲಿ.

ನಿನ್ನ ತಮ್ಮ
ಸಿದ್ದೇಶ

ಮರೆತ ಮಾತು: ಸೋಮವಾರ, ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಕಿಟಕಿ ಮುಚ್ಚುವ ಹೊತ್ತಾಗಿದೆ. ಮರೆತದ್ದಲ್ಲ ಅಕ್ಕಾ, ಕೇಳಲು ಹೆದರಿದ್ದೆ. ಆ ನಲವತ್ತು ನಿಮಿಷದಲ್ಲಿ ಅಜ್ಜಿ ನನ್ನನ್ನು ಕೇಳಿದಾಗಲೆಲ್ಲ ನೀನು ಏನು ಹೇಳಿದೆ? ಫೋನ್ ಎತ್ತವಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆಯೋ, ಈಗ ಮಾಡ್ತಾನ ತಡಿ ಎಂದು ನನಗಾಗಿ ಸುಳ್ಳು ಹೇಳಿದೆಯೋ? ಫೋನಿನಲ್ಲಿ ಹೇಳಬೇಡ. ಈ ಕಾಗದ ನಿನಗೆ ಮುಟ್ಟಲಿ ಎಂದು ನಾಲ್ಕು ದಿನ ಬಿಟ್ಟು ಶನಿವಾರ ರೈಲು ಹತ್ತುತ್ತೇನೆ, ರವಿವಾರ ಬಾಗಿಲಿಗೆ ಬರುತ್ತೇನೆ. ಬೈದು ಹೇಳು, ಹೊಡೆದು ಹೇಳು. ಅಜ್ಜಿ ನನ್ನನ್ನು ಎಂಥವನೆಂದು ತಿಳಿದು ಹೋದಳು ಎಂಬುದು ನನಗೆ ಗೊತ್ತಾಗಬೇಕು.